ಜಿಂಕೆಯ ಕೊಂಬು, ಹಸುವಿನ ಕೊಂಬು, ಆನೆಯ ಕೊಂಬು

ಕಾಡು, ಪ್ರಾಣಿ, ಹಕ್ಕಿ, ಹುಳುಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಮಕ್ಕಳ ಪುಸ್ತಕ, ಸಾಕ್ಷ್ಯಚಿತ್ರದ ನಿರೂಪಣೆ, ಕಾಡಿನ ದಾರಿಯಲ್ಲಿ ನಿಲ್ಲಿಸುವ ಮಾಹಿತಿ ಫಲಕ, ಹೀಗೆ. ಇದೇ ಕೆಲಸಕ್ಕೆ ಹೊಸದಾಗಿ ಬಂದವರು, ಶಾಲೆಯ ಮೇಷ್ಟ್ರುಗಳು, ಪತ್ರಿಕೆಯ ಹುಡುಗರು ನನಗೆ ವಾಟ್ಸ್ಯಾಪಿನಲ್ಲಿ ಪದ ಕಳಿಸುತ್ತಿರುತ್ತಾರೆ. "ಮೇಡಂ, ಇನ್‌ಸ್ಟಾರ್ ಅಂದ್ರೆ ಕನ್ನಡದಲ್ಲಿ ಏನು?" "ಮೇಡಂ, ಪೆಲೆಟ್?" ಅಷ್ಟೇ. ಯಾವ ವಾಕ್ಯದಲ್ಲಿ ಬಂತು, ಯಾವ ಪ್ರಾಣಿಯ ಮಾತು, ಹಿಂದೆ ಮುಂದೆ ಏನಿದೆ, ಒಂದೂ ಇರುವುದಿಲ್ಲ.

ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಗೊತ್ತಿಲ್ಲದ್ದನ್ನು ಕೇಳಿ ಬರೆಯುವವರು ಇದ್ದಾರೆ ಅನ್ನುವುದೇ ಸಂತೋಷ. ಆದರೆ ಪದವೊಂದನ್ನೇ ಕಿತ್ತು ಕಳಿಸುತ್ತಾರಲ್ಲ, ಅದು ಮಾತ್ರ ತಡೆಯುವುದಕ್ಕೆ ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಮರುದಿನ ಮತ್ತೆ ಅದೇ.

ಅಪರೂಪದ ಪದ ಅಂದ ಕೂಡಲೇ ಎಲ್ಲರೂ ಉದ್ದುದ್ದ ಪದಗಳಿಗೆ ಹೆದರುತ್ತಾರೆ. ಕ್ರೆಪಸ್ಕ್ಯುಲರ್ ಅಂದರೆ ಬೆಳಗಿನ ಜಾವ, ಮುಸ್ಸಂಜೆಯ ಮಬ್ಬಿನಲ್ಲಿ ಓಡಾಡುವ ಪ್ರಾಣಿ. ಫಾಸೋರಿಯಲ್ ಅಂದರೆ ಮಣ್ಣು ತೋಡಿಕೊಂಡು ನೆಲದೊಳಗೆ ಬದುಕುವಂಥದ್ದು. ಆರ್ಬೋರಿಯಲ್ ಅಂದರೆ ಮರದ ಮೇಲಿರುವಂಥದ್ದು. ಇಂಥವು ನೋಡುವುದಕ್ಕಷ್ಟೇ ಕಷ್ಟ. ನಿಘಂಟು ತೆಗೆದರೆ ಮುಗಿಯಿತು.

ತೊಂದರೆ ಕೊಡುವುದು ಬೇರೆ ಜಾತಿಯ ಪದಗಳು. ಪ್ರಾಣಿ ಪಕ್ಷಿಗಳನ್ನು ನೋಡುತ್ತಾ ಬದುಕಿದವರು ಒಂದು ಹೊಸ ಪದ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಎರಡು ವಸ್ತುಗಳನ್ನು ಬೇರೆ ಮಾಡಬೇಕಾದಾಗ. ಆ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದರ ಅರ್ಥ ಕೇಳಿದರೆ ಸಿಗುವ ಉತ್ತರ ಅರ್ಧ. ಹಾಗಾಗಿ "ಇದಕ್ಕೆ ಕನ್ನಡದಲ್ಲಿ ಏನು" ಅಂತ ಕೇಳುವುದಕ್ಕಿಂತ ಮೊದಲು "ಇಲ್ಲಿ ಯಾವುದರಿಂದ ಯಾವುದನ್ನು ಬೇರೆ ಮಾಡುತ್ತಿದ್ದಾರೆ" ಅಂತ ಕೇಳಿಕೊಳ್ಳಿ. ಇಷ್ಟನ್ನೇ ಈ ಅಂಕಣದಲ್ಲಿ ಹೇಳಬೇಕು ಅಂತ ಕೂತಿದ್ದೇನೆ. ಉದಾಹರಣೆ ಕೊಡದಿದ್ದರೆ ಯಾರಿಗೂ ನಾಟುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದವಾಗುತ್ತದೆ.

ಆಂಟ್ಲರ್ ಮತ್ತು ಹಾರ್ನ್ ತೆಗೆದುಕೊಳ್ಳಿ. ಎರಡಕ್ಕೂ ನಮ್ಮಲ್ಲಿ ಕೊಂಬು. ಆನೆಯ ಟಸ್ಕಿಗೂ ಆಡುಮಾತಿನಲ್ಲಿ ಕೊಂಬೇ. ಒಂಟಿ ಕೊಂಬಿನ ಸಲಗ ಅನ್ನುತ್ತೇವಲ್ವಾ? ಘೇಂಡಾಮೃಗದ ಮೂಗಿನ ಮೇಲೆ ಇರುವುದೂ ಕೊಂಬೇ. ಮಾತಾಡುವುದಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ವಿಜ್ಞಾನದ ವಿಷಯ ಬರೆಯುವಾಗ ಮಾತ್ರ ದೊಡ್ಡ ತೊಂದರೆ.

ಮಂಡ್ಯ ಕಡೆಯ ಮಕ್ಕಳಿಗಾಗಿ ನಡೆದ ಒಂದು ಕಾಡಿನ ಶಿಬಿರದಲ್ಲಿ ನಾನಿದ್ದೆ. ಯಾರೋ ಕನ್ನಡ ಮಾಡಿದ್ದ ಚಾರ್ಟ್ ಗೋಡೆಯ ಮೇಲಿತ್ತು. "ಪ್ರಾಣಿಗಳ ಕೊಂಬು ಪ್ರತಿವರ್ಷ ಉದುರಿ ಹೊಸದು ಬೆಳೆಯುತ್ತದೆ" ಅಂತ ಬರೆದಿದ್ದರು. ಹಿಂದೆ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ನಮ್ಮನೆ ಎತ್ತಿನ ಕೊಂಬು ಗಾಡಿಗೆ ತಾಗಿ ಮುರೀತು ಮಿಸ್. ಬೇರೆ ಬರ್ಲೇ ಇಲ್ಲ" ಅಂದಳು. ನಡೆಸಿಕೊಡುತ್ತಿದ್ದವರು "ಅದು ಸಾಕಿದ ಪ್ರಾಣಿ ಅಲ್ವಾ ಪುಟ್ಟಿ, ಅದಕ್ಕೆ" ಅಂತ ಸಮಾಧಾನ ಹೇಳಿ ಕೂರಿಸಿದರು. ಹುಡುಗಿ ಕೂತಳು, ಮುಖ ಮಾತ್ರ ಒಪ್ಪಿರಲಿಲ್ಲ. ಅವಳು ಕಣ್ಣಾರೆ ಕಂಡದ್ದು ಸರಿ, ಗೋಡೆಯ ಮೇಲಿನ ಚಾರ್ಟ್ ತಪ್ಪು. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು ಇದನ್ನು ಬಿಡಿಸಿ ಹೇಳಿದೆ.

ಜಿಂಕೆ, ಕಡವೆ, ಕಾಡುಕುರಿಗಳ (ಹೆಸರಿಗೆ ಕುರಿ, ನಿಜಕ್ಕೆ ಪುಟ್ಟ ಜಿಂಕೆ) ತಲೆಯ ಮೇಲಿರುವುದು ಆಂಟ್ಲರ್. ಅದು ಬರೀ ಮೂಳೆ. ಹಣೆಯ ಮೂಳೆಯಲ್ಲಿ ಎರಡು ಗಿಣ್ಣು ಇರುತ್ತವೆ, ಅಲ್ಲಿಂದ ಬೆಳೆಯುತ್ತದೆ. ಬೆಳೆಯುವಾಗ ಮೇಲೆ ಮಕಮಲ್ಲಿನಂಥ ಚರ್ಮ, ಒಳಗೆ ರಕ್ತ ಓಡುತ್ತಿರುತ್ತದೆ, ಮುಟ್ಟಿದರೆ ಬಿಸಿ. ಪ್ರಾಣಿಗಳಲ್ಲಿ ಬಹಳ ಬೇಗ ಬೆಳೆಯುವ ಅಂಗಗಳಲ್ಲಿ ಇದೂ ಒಂದು. ಬಲಿತ ಮೇಲೆ ಆ ಚರ್ಮ ಒಣಗುತ್ತದೆ. ಗಂಡು ಅದನ್ನು ಗಿಡಮರಕ್ಕೆ ಉಜ್ಜಿ ಕಿತ್ತುಹಾಕುತ್ತದೆ. ಕೆಲವು ತಿಂಗಳಾದ ಮೇಲೆ ಕೊಂಬು ಬುಡದಲ್ಲೇ ಕಳಚಿ ಬೀಳುತ್ತದೆ, ಮತ್ತೆ ಹೊಸದು. ಬಂಡೀಪುರ, ನಾಗರಹೊಳೆಯಲ್ಲಿ ಚುಕ್ಕೆ ಜಿಂಕೆಯ ಒಂದೇ ಹಿಂಡಿನಲ್ಲಿ ಮಕಮಲ್ ಕೊಂಬಿನ ಗಂಡು, ನುಣುಪು ಕೊಂಬಿನ ಗಂಡು, ಬೋಳು ತಲೆಯ ಗಂಡು ಮೂರನ್ನೂ ಒಟ್ಟಿಗೆ ನೋಡಬಹುದು. ಯಾಕೆಂದರೆ ಅವು ಎಲ್ಲ ಒಂದೇ ತಿಂಗಳಲ್ಲಿ ಕೊಂಬು ಬೀಳಿಸುವುದಿಲ್ಲ. ಬಿದ್ದ ಕೊಂಬನ್ನು ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಕಡಿದು ತಿನ್ನುತ್ತದೆ. ಕಾಡಿನಲ್ಲಿ ಸಿಕ್ಕಿದ ಕೊಂಬಿನ ಮೇಲೆ ಹಲ್ಲಿನ ಗೀರು ಇದ್ದರೆ ಅದು ಬಹುಮಟ್ಟಿಗೆ ಮುಳ್ಳುಹಂದಿಯದ್ದೇ.

ಹಸು, ಎಮ್ಮೆ, ಆಡು, ಕುರಿ, ಕಾಟಿ, ಕೃಷ್ಣಮೃಗ, ಇವುಗಳದ್ದು ಹಾರ್ನ್. ಒಳಗೆ ಜೀವವಿರುವ ಮೂಳೆಯ ತಿರುಳು, ಮೇಲೆ ಕೆರಾಟಿನ್ ಕವಚ. ನಮ್ಮ ಉಗುರು, ದನದ ಗೊರಸು ಎರಡರದ್ದೂ ಇದೇ ವಸ್ತು. ಹಾಗಾಗಿಯೇ ರೈತರು ಎತ್ತಿನ ಕೊಂಬು ಹೆರೆದು ಚೂಪು ಮಾಡುವಾಗ ಎತ್ತು ಸುಮ್ಮನೆ ನಿಂತಿರುತ್ತದೆ. ಅದೇ ಕೊಂಬು ಬುಡದಲ್ಲಿ ಮುರಿದರೆ ರಕ್ತ ಸುರಿಯುತ್ತದೆ, ಯಾಕೆಂದರೆ ಈಗ ಮುರಿದದ್ದು ಒಳಗಿನ ತಿರುಳು. ಇದು ವರ್ಷಕ್ಕೊಮ್ಮೆ ಉದುರುವುದಿಲ್ಲ. ಮುರಿದು ಹೋದದ್ದು ಮೊದಲಿನಂತೆ ಬರುವುದಿಲ್ಲ.

ಆನೆಯದ್ದು ಹಲ್ಲು, ಮೇಲ್ದವಡೆಯ ಬಾಚಿಹಲ್ಲು. ಘೇಂಡಾಮೃಗದ್ದು ಒಳಗೆ ಮೂಳೆಯ ತಿರುಳೇ ಇಲ್ಲದ ಕೆರಾಟಿನ್. ಒಂದೇ ಪದದಡಿ ಮೂಳೆ, ಉಗುರು, ಹಲ್ಲು ಮೂರೂ ಬಂದು ಕೂತಿವೆ.

ಈಗ "ಆಂಟ್ಲರ್ ಅಂದ್ರೆ ಏನು ಮೇಡಂ" ಅಂತ ಒಂದೇ ಪದ ಕಳಿಸಿದವರಿಗೆ ನಾನು "ಕೊಂಬು" ಅಂದರೆ ಸುಳ್ಳು ಹೇಳಿದಂತಲ್ಲ, ಆದರೆ ಅವರ ಚಾರ್ಟ್ ತಪ್ಪಾಗುತ್ತದೆ. ನಾನು ಬರೆಯುವಾಗ ಜಿಂಕೆಯದ್ದಕ್ಕೆ ಉದುರುಗೊಂಬು ಅಂತಲೂ, ಹಸುವಿನದ್ದಕ್ಕೆ ಬರೀ ಕೊಂಬು ಅಂತಲೂ ಇಟ್ಟುಕೊಂಡಿದ್ದೇನೆ. ಕವಲುಗೊಂಬು ಅಂತ ಬಳಸುವವರೂ ಇದ್ದಾರೆ. ಕಡವೆಗೆ ಅದು ಚೆನ್ನಾಗಿ ಒಪ್ಪುತ್ತದೆ, ಕಾಡುಕುರಿಯ ಗಿಡ್ಡ ಕೊಂಬಿಗೆ ಅಷ್ಟಾಗಿ ಒಪ್ಪುವುದಿಲ್ಲ. ಉದುರುಗೊಂಬಿಗೂ ಒಂದು ತಕರಾರು ಇದೆ. ಉತ್ತರ ಅಮೆರಿಕದ ಪ್ರಾಂಗ್‌ಹಾರ್ನ್ ಅನ್ನುವ ಪ್ರಾಣಿ ತನ್ನ ಹಾರ್ನಿನ ಮೇಲಿನ ಕವಚವನ್ನು ವರ್ಷವರ್ಷವೂ ಕಳಚುತ್ತದೆ. ಆ ಪ್ರಾಣಿಯ ಬಗ್ಗೆ ಬರೆಯುವ ದಿನ ಇನ್ನೊಂದು ಸಾಲು ಹೆಚ್ಚು ಬರೆಯಬೇಕು, ಅಷ್ಟೇ. ಇನ್ನೊಂದು ಎಚ್ಚರಿಕೆ. ಉದುರಿದ್ದು ತಾನೇ ಅಂತ ಯಾರೂ ಜಿಂಕೆ ಕೊಂಬನ್ನು ಕಾಡಿನಿಂದ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಮನೆಯಲ್ಲಿ ಹಳೆಯ ಕೊಂಬು ಇದ್ದವರು ಅರಣ್ಯ ಇಲಾಖೆಯನ್ನೋ ವಕೀಲರನ್ನೋ ಕೇಳುವುದು ಒಳ್ಳೆಯದು, ಅದು ನಾನು ಹೇಳುವ ವಿಷಯವಲ್ಲ.

ಇನ್‌ಸ್ಟಾರ್ ಕಥೆಯೂ ಹೀಗೇ. ಹುಳು ಬೆಳೆಯುವಾಗ ಆಗಾಗ ಚರ್ಮ ಕಳಚುತ್ತದೆ. ಕಳಚುವುದು ಮೋಲ್ಟ್. ಒಂದು ಮೋಲ್ಟಿನಿಂದ ಇನ್ನೊಂದರವರೆಗಿನ ಅವಧಿಯ ಹುಳು ಇನ್‌ಸ್ಟಾರ್. ಒಂದು ಘಟನೆ, ಇನ್ನೊಂದು ಘಟನೆಗಳ ನಡುವಿನ ಕಾಲ. ಇದನ್ನು ಗಮನಿಸದೆ "ರೇಷ್ಮೆ ಹುಳಕ್ಕೆ ಐದು ಇನ್‌ಸ್ಟಾರ್" ಎಂಬುದನ್ನು "ರೇಷ್ಮೆ ಹುಳು ಐದು ಸಲ ಪೊರೆ ಬಿಡುತ್ತದೆ" ಅಂತ ಅನುವಾದಿಸಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹುಳುವಾಗಿದ್ದಾಗ ಅದು ಪೊರೆ ಬಿಡುವುದು ನಾಲ್ಕು ಸಲ. ನಾಲ್ಕು ಬೇಲಿ ಹಾಕಿದರೆ ಜಾಗ ಐದು ಭಾಗ ಆಗುತ್ತದಲ್ಲ, ಹಾಗೆ.

ಇದಕ್ಕೆ ಕನ್ನಡ ಹುಡುಕಿಕೊಂಡು ನಿಘಂಟಿಗೆ ಹೋದರೆ ಏನೂ ಸಿಗದು. ಕನಕಪುರದ ಕಡೆ ಹುಳ ಸಾಕುವ ಮನೆಗೆ ಹೋದರೆ ಸಿಗುತ್ತದೆ. ನಾನು ಹೋದಾಗ ಆ ಮನೆಯ ಅಕ್ಕ ತಟ್ಟೆಯ ಮುಂದೆ ಕೂತು ಸುಣ್ಣದ ಪುಡಿ ಉದುರಿಸುತ್ತಿದ್ದರು. ತಟ್ಟೆ ತುಂಬ ಹುಳ, ಒಂದೂ ಅಲ್ಲಾಡುತ್ತಿಲ್ಲ, ಎಲ್ಲದರ ತಲೆ ಮೇಲಕ್ಕೆ. "ಎರಡ್ನೇ ಜ್ವರಕ್ಕೆ ಕುಂತವೆ ಕಣವ್ವ. ಈಗ ಸೊಪ್ಪು ಹಾಕಂಗಿಲ್ಲ. ಎಲ್ಲಾ ಎದ್ದಮ್ಯಾಕೇ ಹಾಕೋದು" ಅಂದರು. ಜ್ವರ ಅಂದರೆ ಮೋಲ್ಟ್. ಹುಳು ತಿನ್ನುವುದು ಬಿಟ್ಟು ಸುಮಾರು ಒಂದು ದಿನ ಕದಲದೆ ಕೂರುತ್ತದೆ, ಹಳೆಯ ಚರ್ಮ ಬಿಟ್ಟು ಎದ್ದು ಬರುತ್ತದೆ. ಮೊದಲ ಎರಡು ಇನ್‌ಸ್ಟಾರಿನ ಹುಳಕ್ಕೆ ಅವರು ಚಾಕಿ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನದ್ದು ಐದನೇ ಇನ್‌ಸ್ಟಾರ್. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೆಯ ಒಂದು ವಾರದಲ್ಲೇ ಮುಗಿಯುತ್ತದೆ. ಆಗ ಮನೆಯವರಿಗೆ ನಿದ್ದೆ ಇಲ್ಲ. ಆಮೇಲೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟುವುದಕ್ಕೆಂದೇ ಇರುವ ಚಂದ್ರಿಕೆ ಎಂಬ ತಟ್ಟೆಗೆ ಬಿಡುತ್ತಾರೆ, ಗೂಡು ಕಟ್ಟುತ್ತದೆ. ಗೂಡಿನೊಳಗೆ ಪ್ಯೂಪಾ, ಅಂದರೆ ರೆಕ್ಕೆ ಬರುವುದಕ್ಕೆ ಮೊದಲಿನ ತಿನ್ನದ ಹಂತ, ಆಗುವಾಗ ಇನ್ನೊಂದು ಸಲ ಚರ್ಮ ಬಿಡುತ್ತದೆ. ಗೂಡು ಕತ್ತರಿಸಿ ನೋಡಿದರೆ ಪ್ಯೂಪಾದ ಪಕ್ಕದಲ್ಲಿ ಆ ಚರ್ಮ ಮುದುಡಿಕೊಂಡು ಬಿದ್ದಿರುತ್ತದೆ. ಅದನ್ನು ಯಾರಾದರೂ ಜ್ವರ ಅಂದದ್ದು ನಾನು ಕೇಳಿಲ್ಲ.

ಆ ಅಕ್ಕನಿಗೆ ಇನ್‌ಸ್ಟಾರ್ ಅನ್ನುವ ಪದ ಗೊತ್ತಿಲ್ಲ. ವ್ಯತ್ಯಾಸ ಮಾತ್ರ ನನಗಿಂತ ಚೆನ್ನಾಗಿ ಗೊತ್ತು. ಕಕೂನ್, ಪ್ಯೂಪಾ, ಕ್ರಿಸಲಿಸ್ ಮೂರಕ್ಕೂ ಸೇರಿಸಿ "ಗೂಡು" ಅಂತ ಬರೆದುಬಿಡುವವರು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ನಿಂತು ಬರಲಿ. ಅಲ್ಲಿ ಗೂಡು ಅಂದರೆ ಮೇಲಿನ ನೂಲಿನ ಹೊದಿಕೆ. ಒಳಗಿರುವ ಜೀವ ಬೇರೆ. ಕ್ರಿಸಲಿಸ್ ಅಂದರೆ ಚಿಟ್ಟೆಯ ಪ್ಯೂಪಾ. ಅದಕ್ಕೆ ಸಾಮಾನ್ಯವಾಗಿ ನೂಲಿನ ಗೂಡೇ ಇರುವುದಿಲ್ಲ, ಬರಿಮೈಯಲ್ಲಿ ಎಲೆಗೋ ಕಡ್ಡಿಗೋ ನೇತಾಡುತ್ತಿರುತ್ತದೆ.

ಮಸ್ತ್ ಪದಕ್ಕೆ ಬರುತ್ತೇನೆ. ಗಂಡಾನೆಗೆ ಬರುವ ಈ ಸ್ಥಿತಿಗೆ ಇಂಗ್ಲಿಷಿನವರು ಬಳಸುವ ಪದ ನಮ್ಮ ಕಡೆಯಿಂದಲೇ ಹೋದದ್ದು, ಪರ್ಷಿಯನ್, ಉರ್ದುವಿನ ಮಸ್ತ್. ಕನ್ನಡದಲ್ಲಿ ಮದ ಅಂತ ಮೊದಲಿನಿಂದ ಇದೆ. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿಯಿಂದ ಮದಜಲ ಇಳಿಯುತ್ತದೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ, ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಬಹಳ ಏರುತ್ತದೆ. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಇಷ್ಟು ಒಳ್ಳೆಯ ಪದ ಕೈಯಲ್ಲಿದ್ದೂ "ಆನೆ ಬೆದೆಗೆ ಬಂದಿತ್ತು" ಅಂತ ಬರೆಯುತ್ತಾರೆ. ಬೆದೆ ಹೆಣ್ಣಿನದ್ದು, ಹಸು ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಜಿಂಕೆಯ ಗಂಡುಗಳು ಹೆಣ್ಣಿಗಾಗಿ ಕಾದಾಡುವ ಕಾಲಕ್ಕೆ ಇಂಗ್ಲಿಷಿನಲ್ಲಿ ರಟ್ ಅನ್ನುತ್ತಾರೆ, ಅದು ಮೂರನೆಯದು. ಗಂಡಾನೆ ಮದವಿಲ್ಲದಾಗಲೂ ಕೂಡಬಲ್ಲದು, ಹಾಗಾಗಿ ಮದವನ್ನು ಬರೀ ಕೂಡುವ ಕಾಲ ಅಂತ ಬರೆದರೂ ಸರಿಯಾಗುವುದಿಲ್ಲ. ರಟ್ ಪದಕ್ಕೆ ನಿಘಂಟು ಗಾಡಿಯ ಚಕ್ರದ ಜಾಡು ಅಂತಲೂ ಅರ್ಥ ಕೊಡುತ್ತದೆ. ಒಂಟಿ ಪದ ಕಳಿಸಿದರೆ ಆ ಅರ್ಥವೇ ಸಿಕ್ಕರೂ ಆಶ್ಚರ್ಯವಿಲ್ಲ.

ಪುಟ್ಟ ಪದಗಳು ಹೀಗೆ ಮೋಸ ಮಾಡುವುದು ಜಾಸ್ತಿ. ಗೊತ್ತಿರುವ ಪದ ಅಂತ ಯಾರೂ ನಿಘಂಟು ತೆಗೆಯುವುದೇ ಇಲ್ಲ. ಲಿಟರ್ ಅಂದರೆ ಕಸ, ಸರಿ. ಹುಲಿಯ ಲಿಟರ್ ಅಂದರೆ ಒಂದು ಸೂಲಿನ ಮರಿಗಳು. ಕಾಡಿನ ನೆಲದ ಲಿಟರ್ ಅಂದರೆ ತರಗೆಲೆ, ಮಲೆನಾಡಿನವರ ದರಗು. ಕ್ಲಚ್ ಅಂದರೆ ಹಕ್ಕಿ ಒಂದು ಸರದಿಯಲ್ಲಿ ಇಟ್ಟ ಮೊಟ್ಟೆಗಳು. ಫಾರ್ಮ್ ಅಂದರೆ ಮೊಲ ಹುಲ್ಲಿನ ನಡುವೆ ಮೈ ಒತ್ತಿ ಮಾಡಿಕೊಂಡ ಗುಳಿ. ಗೂಬೆಯ ಪೆಲೆಟ್ ಪದಕ್ಕೆ ಹಿಕ್ಕೆ ಅಂತ ಬರೆಯುತ್ತಾರೆ. ಹಿಕ್ಕೆ ಹಿಂದಿನಿಂದ ಬರುವುದು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಬಾಯಿಂದ ಕಕ್ಕುತ್ತದೆ, ಅದು ಪೆಲೆಟ್. ಲದ್ದಿ, ಸಗಣಿ, ಹಿಕ್ಕೆ ಅಂತ ಪ್ರಾಣಿಗೊಂದು ಪದ ಇಟ್ಟುಕೊಂಡಿರುವ ಭಾಷೆ ನಮ್ಮದು. ನಾವು ಇಲ್ಲಿ ತಪ್ಪಬಾರದು. ನಾನು ಕಾರುಂಡೆ ಅಂತ ಬರೆಯುತ್ತೇನೆ. ಬೇರೆಯವರಿಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಸಂತೋಷ.

ಮೊಲದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ರ‍್ಯಾಬಿಟ್, ಹೇರ್ ಎರಡಕ್ಕೂ ನಮ್ಮಲ್ಲಿ ಮೊಲ. ನಮ್ಮ ಹೊಲ, ಕಾಡುಗಳಲ್ಲಿರುವುದು ಹೇರ್. ಅದು ಬಿಲ ತೋಡುವುದಿಲ್ಲ. ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತದೆ. ಯುರೋಪಿನ ರ‍್ಯಾಬಿಟ್ ಬಿಲದೊಳಗೆ ಮರಿ ಹಾಕುತ್ತದೆ, ಅದರ ಮರಿ ಬೋಳು, ಕಣ್ಣು ಮುಚ್ಚಿರುತ್ತದೆ. ಪ್ರಿಕೋಶಿಯಲ್, ಆಲ್ಟ್ರಿಶಿಯಲ್ ಅನ್ನುವ ಎರಡು ಭಾರಿ ಪದಗಳು ಹೇಳುವುದು ಇದನ್ನೇ. ಕೋಳಿಮರಿಯೂ ನವಿಲುಮರಿಯೂ ಹುಟ್ಟಿದ ದಿನವೇ ತಾಯಿಯ ಹಿಂದೆ ಓಡುತ್ತವೆ, ಪಾರಿವಾಳದ ಮರಿ ಗೂಡಿನಲ್ಲಿ ಕಣ್ಣು ಮುಚ್ಚಿ ಬಿದ್ದಿರುತ್ತದೆ. ಇದಕ್ಕೆ "ಪ್ರಬುದ್ಧ ಮರಿ, ಅಪ್ರಬುದ್ಧ ಮರಿ" ಅಂತ ಬರೆದರೆ ಓದುವ ಮಗುವಿಗೆ ಏನು ತಿಳಿಯಬೇಕು? ಓಡುಮರಿ, ಗೂಡುಮರಿ ಅನ್ನಿ, ಸಾಕು.

ಹೆಸರುಗಳ ವಿಷಯ ಬೇಗ ಮುಗಿಸುತ್ತೇನೆ. ಸ್ಲಾತ್ ಬೇರ್ ಎಂಬುದನ್ನು ದಯವಿಟ್ಟು "ಸೋಮಾರಿ ಕರಡಿ" ಮಾಡಬೇಡಿ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದರ ಉದ್ದ ಉಗುರು, ಹಲ್ಲು ನೋಡಿ ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಬಳಗ ಅಂದುಕೊಂಡ. ಆ ತಪ್ಪು ಹೆಸರಿನಲ್ಲಿ ಉಳಿಯಿತು, ಅಷ್ಟೇ. ದರೋಜಿಯ ಬಂಡೆಗಳ ಮೇಲೆ ಅದು ಓಡುವುದನ್ನು ಕಂಡವರು ಯಾರೂ ಸೋಮಾರಿ ಅನ್ನಲಾರರು. ದಕ್ಷಿಣ ಭಾರತದಲ್ಲಿ ಇರುವುದು ಇದೊಂದೇ ಕರಡಿ, ನಮ್ಮ ಕಾಡಿನ ಬರಹದಲ್ಲಿ ಬರೀ ಕರಡಿ ಅಂದರೆ ಸಾಕು. ಬ್ಯಾಂಡಿಕೂಟ್ ತೆಲುಗಿನ ಪಂದಿಕೊಕ್ಕು, ನಮ್ಮ ಹೆಗ್ಗಣ. ಆದರೆ ಆಸ್ಟ್ರೇಲಿಯಾಕ್ಕೆ ಹೋದ ಬಿಳಿಯರು ಅಲ್ಲಿನ ಹೊಟ್ಟೆಚೀಲದ ಪ್ರಾಣಿಯೊಂದಕ್ಕೂ ಅದೇ ಹೆಸರಿಟ್ಟರು. ಆಸ್ಟ್ರೇಲಿಯಾದ ಲೇಖನದಲ್ಲಿ ಹೆಗ್ಗಣ ಅಂತ ಬರೆದರೆ ಬೇರೆಯೇ ಪ್ರಾಣಿ ಓದುಗರ ಕಣ್ಣಿಗೆ ಬರುತ್ತದೆ. ಇಂಥ ಕಡೆ ವೈಜ್ಞಾನಿಕ ಹೆಸರನ್ನು ನೋಡದೆ ಕೈ ಹಾಕಲೇಬಾರದು.

ನನಗೆ ನಿಜವಾಗಿ ಆತಂಕ ತರುವ ಪದ ಎಂಡೆಮಿಕ್. ಪ್ರಾಣಿ, ಗಿಡಗಳ ಮಾತಿನಲ್ಲಿ ಅದಕ್ಕೆ ಜೋಡಿ ನೇಟಿವ್. ಹುಲಿ ಕರ್ನಾಟಕಕ್ಕೆ ನೇಟಿವ್, ಇಲ್ಲಿಯದೇ, ಬೇರೆ ಕಡೆಯೂ ಇದೆ. ಸಿಂಗಳೀಕ ಪಶ್ಚಿಮ ಘಟ್ಟಕ್ಕೆ ಎಂಡೆಮಿಕ್, ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಎರಡಕ್ಕೂ "ಸ್ಥಳೀಯ" ಅಂತ ಬರೆದರೆ ಸಿಂಗಳೀಕ ಕಳೆದುಹೋದರೆ ಏನು ಕಳೆದುಹೋಗುತ್ತದೆ ಅನ್ನುವುದೇ ಓದುಗರಿಗೆ ತಿಳಿಯುವುದಿಲ್ಲ. ಅದಕ್ಕೆ ನಾನು "ಇಲ್ಲಿ ಮಾತ್ರ ಇರುವ" ಅಂತ ಬಿಡಿಸಿ ಬರೆಯುತ್ತೇನೆ. ಆದರೆ ರೋಗದ ಮಾತಿನಲ್ಲಿ ಇದೇ ಪದದ ಜೋಡಿ ಬೇರೆ, ಎಪಿಡೆಮಿಕ್. ಒಮ್ಮೆಲೇ ಎದ್ದು ಹರಡುವುದು ಎಪಿಡೆಮಿಕ್, ಒಂದು ಪ್ರದೇಶದಲ್ಲಿ ಸದಾ ಇದ್ದೇ ಇರುವುದು ಎಂಡೆಮಿಕ್. ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಅದು ಶಿವಮೊಗ್ಗದಲ್ಲಿ ಎಂಡೆಮಿಕ್ ಅಂತ ಇಂಗ್ಲಿಷಿನಲ್ಲಿ ಬರೆದದ್ದನ್ನು ಸಿಂಗಳೀಕದ ಅರ್ಥ ಹಿಡಿದು "ಶಿವಮೊಗ್ಗದಲ್ಲಿ ಮಾತ್ರ ಇದೆ" ಅಂತ ಕನ್ನಡ ಮಾಡಿದರೆ, ಉತ್ತರ ಕನ್ನಡದಲ್ಲೋ ಚಿಕ್ಕಮಗಳೂರಿನಲ್ಲೋ ಕಾಡಿಗೆ ಹೋಗುವವರು ನಮಗೇನೂ ಇಲ್ಲ ಅಂತ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಉಣ್ಣೆ ಕಚ್ಚಿ ಬರುವ ಕಾಯಿಲೆ ಅದು. ಜಿಲ್ಲೆಯ ಗಡಿ ಅದಕ್ಕೆ ಗೊತ್ತಿಲ್ಲ. ಕೇರಳ, ಗೋವಾ, ಮಹಾರಾಷ್ಟ್ರ, ತಮಿಳುನಾಡಿನಲ್ಲೂ ಕಾಣಿಸಿಕೊಂಡಿದೆ.

ಹಾಗಾಗಿ ನನಗೆ ಬರೆಯುವವರು ಪೂರ್ತಿ ವಾಕ್ಯ ಕಳಿಸಿ. ಅದರ ಹಿಂದಿನ ವಾಕ್ಯವೂ ಇರಲಿ. ಪ್ರಾಣಿಯ ವೈಜ್ಞಾನಿಕ ಹೆಸರು ಇದ್ದರೆ ಅದನ್ನೂ ಹಾಕಿ, ಚಿತ್ರವಿದ್ದರೆ ಇನ್ನೂ ಒಳ್ಳೆಯದು. ಆ ಪ್ರಾಣಿಯ ಜೊತೆ ಬದುಕುವವರು ನಿಮ್ಮ ಹತ್ತಿರದಲ್ಲಿ ಇದ್ದರೆ ಮೊದಲು ಅವರನ್ನು ಕೇಳಿ. ಕೇಳುವಾಗಲೂ ಇಂಗ್ಲಿಷ್ ಪದ ಹೇಳಿ ಅರ್ಥ ಕೇಳಬೇಡಿ, ವಸ್ತುವನ್ನು ತೋರಿಸಿ ಏನಂತೀರಿ ಅಂತ ಕೇಳಿ. ಅವರು ಹೇಳಿದ್ದು ಆ ಊರಿಗಷ್ಟೇ ಸಲ್ಲುವ ಪದವಾಗಿರಬಹುದು, ಪಕ್ಕದ ತಾಲ್ಲೂಕಿನಲ್ಲಿ ಅದೇ ಪದ ಇನ್ನೊಂದು ಪ್ರಾಣಿಗೆ ಇರಬಹುದು. ಇನ್ನೊಂದು ಊರಿನಲ್ಲಿ ಕೇಳಿ ನೋಡಿದ ಮೇಲೆ ಅಚ್ಚಿಗೆ ಕೊಡಿ. ಎಲ್ಲೂ ಸಿಗದಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿಟ್ಟು, ಮೊದಲ ಸಲ ಬಂದಲ್ಲಿ ಒಂದು ಸಾಲಿನಲ್ಲಿ ವಿವರಿಸಿ. ಮುಂದಿನ ಪುಟದಲ್ಲಿ ಓದುಗರು ಅದನ್ನು ತಮ್ಮದೇ ಪದದಂತೆ ಓದಿಕೊಂಡು ಹೋಗುತ್ತಾರೆ.